ವಾಯುಗುಣದ ಪಾಠ ಅಂಗಳಕ್ಕೆ ಇಳಿಯಬೇಕಾದರೆ: ಶಿಕ್ಷಕರ ತರಬೇತಿಗೆ ಸಮಗ್ರ ಮಾರ್ಗದರ್ಶಿ

ಹವಾಮಾನ ಬದಲಾವಣೆಯನ್ನು ಶಾಲೆಯ ಅಂಗಳದಲ್ಲಿ ಅಳತೆ ಮಾಡಿಸಿ ಕಲಿಸುವುದು ಹೇಗೆ ಎಂದು ಶಿಕ್ಷಕರಿಗೆ ತರಬೇತಿ ಕೊಡುವವರಿಗೆ ಈ ಬರಹ. ಅಂದರೆ ಸಿಆರ್‌ಪಿ, ಬಿಆರ್‌ಪಿ (ಕ್ಲಸ್ಟರ್, ಬ್ಲಾಕ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳು), ಡಯಟ್‌ನ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆಯ) ಉಪನ್ಯಾಸಕರು, ಸಂಪನ್ಮೂಲ ವ್ಯಕ್ತಿಯಾಗಿ ಹೋಗುವ ಶಿಕ್ಷಕರು, ಹಳ್ಳಿ ಶಾಲೆಗಳ ಜೊತೆ ಕೆಲಸ ಮಾಡುವ ಸಂಸ್ಥೆಗಳವರು. ಎಲ್ಲರೂ ಒಂದೇ ಕಡೆ ಎಡವುತ್ತಿದ್ದೇವೆ. ತರಬೇತಿ ಚೆನ್ನಾಗಿ ನಡೆಯುತ್ತದೆ, ಶಿಕ್ಷಕರು ಮೆಚ್ಚಿಕೊಳ್ಳುತ್ತಾರೆ. ಮೂರು ತಿಂಗಳಾದ ಮೇಲೆ ಶಾಲೆಗೆ ಹೋಗಿ ನೋಡಿದರೆ ಒಂದು ಮಗುವೂ ಪಾಠಕ್ಕೆಂದು ಅಂಗಳಕ್ಕೆ ಇಳಿದಿರುವುದಿಲ್ಲ.

ನನಗೂ ಹೀಗೇ ಆಗಿದೆ. ಮೊದಲ ತರಬೇತಿಯಲ್ಲಿ ನಾನು ಒಂದೂವರೆ ದಿನ ಸ್ಲೈಡ್ ತೋರಿಸಿದೆ, ಅರ್ಧ ದಿನ ಹೊರಗೆ ಕರೆದುಕೊಂಡು ಹೋದೆ. ಶಿಕ್ಷಕರು ಸ್ಲೈಡ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದರು. ಕರಗುವ ಹಿಮಗಡ್ಡೆ ನೋಡಿದ ಶಿಕ್ಷಕರು ಮಕ್ಕಳಿಗೂ ಕರಗುವ ಹಿಮಗಡ್ಡೆಯನ್ನೇ ತೋರಿಸಿದರು. ತಪ್ಪು ಅವರದ್ದಲ್ಲ. ನಾನು ಮಾಡಿದ್ದನ್ನೇ ಅವರು ಮಾಡಿದ್ದರು. ಅದಾದ ಮೇಲೆ ಕ್ರಮವನ್ನೇ ತಿರುಗಿಸಿದೆ. ಮೊದಲು ಅಳತೆ, ಆಮೇಲೆ ಪ್ರಶ್ನೆ, ಕೊನೆಗೆ ವಿವರಣೆ. ಶಿಕ್ಷಕರು ತಮ್ಮ ಕೈಯಾರೆ ಅಳೆಯದ ಒಂದನ್ನೂ ಮಕ್ಕಳಿಂದ ಮಾಡಿಸುವುದಿಲ್ಲ.

ಕೆಳಗಿನ ಹಂತಗಳು ಎರಡು ದಿನದ ತರಬೇತಿ ಮತ್ತು ಅದರ ನಂತರದ ಮೂರು ತಿಂಗಳಿಗೆ. ಅಕ್ಟೋಬರ್ ಕೊನೆ ಅಥವಾ ನವೆಂಬರ್ ಒಳ್ಳೆಯ ಕಾಲ. ಬಿಸಿಲಿರುತ್ತದೆ, ಹಿಂಗಾರು ಮಳೆಯ ಒಂದೆರಡು ಹನಿ ಸಿಗಬಹುದು, ರಾತ್ರಿ ಇಬ್ಬನಿಯೂ ಶುರುವಾಗುತ್ತದೆ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಬಿಸಿಲಿನ ಚಟುವಟಿಕೆ ನಡೆಯುವುದಿಲ್ಲ.

ಹಂತ 1: ಮೊದಲು ಶಾಲೆ ನೋಡಿ, ಆಮೇಲೆ ವೇಳಾಪಟ್ಟಿ ಬರೆಯಿರಿ

ತರಬೇತಿಗೆ ಮೂರು ವಾರ ಮುಂಚೆ ನಾಲ್ಕೈದು ಶಾಲೆಗಳಿಗೆ ಹೋಗಿ. ಅಂಗಳದಲ್ಲಿ ಏನಿದೆ ನೋಡಿ. ಯಾವ ಮರ, ಎಷ್ಟು ಸಿಮೆಂಟು, ತರಗತಿಗೆ ಶೀಟ್ ಛಾವಣಿಯೋ ಆರ್‌ಸಿಸಿಯೋ, ಬಾವಿ ಅಥವಾ ಕೃಷಿ ಹೊಂಡ ಹತ್ತಿರದಲ್ಲಿದೆಯೋ. ಪ್ರಯೋಗಾಲಯದ ಬೀರು ತೆಗೆಸಿ ಎಷ್ಟು ಥರ್ಮಾಮೀಟರ್ ಸರಿಯಾಗಿವೆ ಎಣಿಸಿ. ಬಹಳ ಕಡೆ ಡಬ್ಬಿ ಇರುತ್ತದೆ, ಒಳಗಿನ ಗಾಜು ಒಡೆದಿರುತ್ತದೆ.

ತರಬೇತಿಯ ಜಾಗವನ್ನೂ ಆಗಲೇ ಗೊತ್ತುಮಾಡಿ. ಸಭಾಂಗಣ ಬೇಡ. ಮಾಮೂಲಿ ಅಂಗಳ ಇರುವ ಸರ್ಕಾರಿ ಶಾಲೆಯೇ ಬೇಕು. ಹಸಿರು ತುಂಬಿದ ಮಾದರಿ ಶಾಲೆಯಲ್ಲಿ ಮಾಡಿದರೆ "ನಿಮಗೆ ಇಲ್ಲಿ ಎಲ್ಲಾ ಇದೆ ಸರ್, ನಮ್ಮಲ್ಲಿ ಏನಿದೆ" ಎಂಬ ಮಾತು ಬರುತ್ತದೆ. ಆ ಮಾತು ಬಂತೆಂದರೆ ಅರ್ಧ ತರಬೇತಿ ಕೈತಪ್ಪಿತು.

ಹಂತ 2: ಪಠ್ಯದಲ್ಲಿ ಇರುವ ಪಾಠವನ್ನೇ ಹಿಡಿಯಿರಿ

ಹವಾಮಾನ ಬದಲಾವಣೆಗೆ ಬೇರೆ ಪೀರಿಯಡ್ ಯಾರಿಗೂ ಸಿಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಳ್ಳಿ. ವಿಜ್ಞಾನದಲ್ಲಿ ಶಾಖದ ಪಾಠ ಇದೆ. ಸಮಾಜ ವಿಜ್ಞಾನದಲ್ಲಿ ವಾಯುಗೋಳ ಮತ್ತು ಭಾರತದ ವಾಯುಗುಣ ಇವೆ. ಗಣಿತದಲ್ಲಿ ಸರಾಸರಿ, ನಕ್ಷೆ, ಘನಫಲ ಇವೆ. ಕನ್ನಡದಲ್ಲಿ ಪ್ರಬಂಧ ಇದೆ. ಶಿಕ್ಷಕರು ಪಠ್ಯಪುಸ್ತಕ ತಂದು, ಯಾವ ಪುಟಕ್ಕೆ ಯಾವ ಅಳತೆ ಹೊಂದುತ್ತದೆ ಎಂದು ತಾವೇ ಗುರುತು ಹಾಕಬೇಕು. ನೀವು ಪಟ್ಟಿ ಮಾಡಿ ಹಂಚಬೇಡಿ. ಹಂಚಿದ ಪಟ್ಟಿ ಫೈಲಿಗೆ ಹೋಗುತ್ತದೆ, ಗುರುತು ಹಾಕಿದ ಪುಸ್ತಕ ತರಗತಿಗೆ ಹೋಗುತ್ತದೆ.

ಇನ್ನೊಂದು ದಾರಿ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ. ಹೇಗೂ ಮಾಡಿಸಲೇಬೇಕು, ದಾಖಲೆ ಇಡಲೇಬೇಕು. ಅಂಗಳದ ಅಳತೆಯನ್ನೇ ಎಫ್‌ಎ ಚಟುವಟಿಕೆ ಮಾಡಿದರೆ ಶಿಕ್ಷಕರಿಗೆ ಹೆಚ್ಚುವರಿ ಕೆಲಸ ಇರುವುದಿಲ್ಲ. ಸಂಭ್ರಮ ಶನಿವಾರವನ್ನೂ (ಮಕ್ಕಳು ಬ್ಯಾಗ್ ಇಲ್ಲದೆ ಬರುವ ದಿನ) ಬಳಸಬಹುದು. ಆದರೆ ಅದೊಂದನ್ನೇ ನಂಬಿದರೆ ಹೊರಗಿನ ಕಲಿಕೆ ಎಂದರೆ ಆಟದ ದಿನ ಎಂದಾಗಿಬಿಡುತ್ತದೆ.

ಹಂತ 3: ಸಾಮಾನು

ಐದು ಜನರ ಒಂದು ಗುಂಪಿಗೆ ಬೇಕಾದದ್ದು ಇಷ್ಟೇ. ಪ್ರಯೋಗಾಲಯದ ಥರ್ಮಾಮೀಟರ್ 2, ನೇರ ಗೋಡೆಯ ಎರಡು ಲೀಟರ್ ಪ್ಲಾಸ್ಟಿಕ್ ಬಾಟಲಿ 1, ಸ್ಕೇಲು, ಕತ್ತರಿ, ಅಳಿಸದ ಮಾರ್ಕರ್, ಸಣ್ಣ ಕಲ್ಲು, ದಾರ, ಗಡಿಯಾರ, ರಟ್ಟಿನ ಹೊದಿಕೆಯ ನೋಟ್‌ಬುಕ್.

ಥರ್ಮಾಮೀಟರ್ ವಿಷಯದಲ್ಲಿ ಎಚ್ಚರ. ಜ್ವರ ನೋಡುವ ಥರ್ಮಾಮೀಟರ್ ಆಗುವುದಿಲ್ಲ. ಕೋವಿಡ್ ಕಾಲದಲ್ಲಿ ಶಾಲೆಗಳಿಗೆ ಬಂದ, ಹಣೆಗೆ ಹಿಡಿಯುವ ಯಂತ್ರವೂ ಸಾಮಾನ್ಯವಾಗಿ ಆಗುವುದಿಲ್ಲ. ಅವು ದೇಹದ ಉಷ್ಣತೆಯ ಆಸುಪಾಸಷ್ಟೇ ತೋರಿಸುತ್ತವೆ. ಪಾದರಸದ್ದು ಬೇಡ, ಒಡೆದರೆ ಅಪಾಯ. ಕೆಂಪು ದ್ರವದ್ದು ತೆಗೆದುಕೊಳ್ಳಿ. ತಂದ ಕೂಡಲೇ ಎಲ್ಲವನ್ನೂ ಒಂದೇ ಬಕೆಟ್ ನೀರಿನಲ್ಲಿ ಐದು ನಿಮಿಷ ಅದ್ದಿ ಓದಿ. ಒಂದೊಂದು ಒಂದು ಡಿಗ್ರಿ, ಎರಡು ಡಿಗ್ರಿ ಆಚೀಚೆ ತೋರಿಸಬಹುದು. ಎಷ್ಟು ವ್ಯತ್ಯಾಸ ಎಂದು ಚೀಟಿ ಬರೆದು ಅದಕ್ಕೇ ಅಂಟಿಸಿ. ಈ ಕೆಲಸವನ್ನೂ ಶಿಕ್ಷಕರ ಕೈಯಲ್ಲೇ ಮಾಡಿಸಿ. ಉಪಕರಣ ತಪ್ಪು ಹೇಳಬಹುದು ಎಂದು ಗೊತ್ತಾಗುವುದೇ ವಿಜ್ಞಾನದ ಮೊದಲ ಪಾಠ, ಅಲ್ವಾ?

ಹಂತ 4: ಮೊದಲ ದಿನ ಬೆಳಗ್ಗೆ, ಅಂಗಳದಲ್ಲಿ ಬಿಸಿ ಅಳೆಯುವುದು

ಉದ್ಘಾಟನೆ, ಸ್ವಾಗತ ಭಾಷಣ ಮಧ್ಯಾಹ್ನಕ್ಕೆ ಇಡಿ. ಅಧಿಕಾರಿಗಳಿಗೆ ಮೊದಲೇ ಹೇಳಿದರೆ ಒಪ್ಪುತ್ತಾರೆ. ಹತ್ತು ಗಂಟೆಗೆ ಗುಂಪು ಮಾಡಿ ನೇರ ಹೊರಗೆ.

ಮೊದಲು ಊಹೆ ಬರೆಸಿ. ಸಿಮೆಂಟು ಅಂಗಳ, ಬರಿ ಮಣ್ಣು, ಹುಲ್ಲು, ಮರದ ನೆರಳು. ಯಾವುದು ಹೆಚ್ಚು ಬಿಸಿ, ಎಷ್ಟು ಹೆಚ್ಚು? ಊಹೆ ಬರೆಯದೆ ಅಳೆದರೆ ಸಿಕ್ಕ ಸಂಖ್ಯೆ ಯಾರನ್ನೂ ಕಾಡುವುದಿಲ್ಲ. ಆಮೇಲೆ ಅಳತೆ. ಥರ್ಮಾಮೀಟರಿನ ಬುಡವನ್ನು ನೆಲಕ್ಕೆ ತಾಗಿಸಿ, ಮೇಲೆ ಚಿಟಿಕೆ ಮಣ್ಣು ಮುಚ್ಚಿ, ಐದು ನಿಮಿಷ ಕಾಯಬೇಕು. ಹನ್ನೊಂದಕ್ಕೆ ಒಮ್ಮೆ, ಎರಡು ಗಂಟೆಗೆ ಒಮ್ಮೆ, ನಾಲ್ಕಕ್ಕೆ ಒಮ್ಮೆ. ಬಿಸಿಲು ಜೋರಾದ ದಿನ ಸಿಮೆಂಟಿಗೂ ನೆರಳಿಗೂ ಹತ್ತು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಆಶ್ಚರ್ಯವಿಲ್ಲ.

ಇಲ್ಲಿ ಪ್ರತಿ ಸಲವೂ ಆಗುವ ತಪ್ಪು ಒಂದಿದೆ. ಗಾಳಿಯ ಉಷ್ಣತೆ ಅಳೆಯಲು ಥರ್ಮಾಮೀಟರನ್ನು ಬಿಸಿಲಿನಲ್ಲಿ ಹಿಡಿಯುತ್ತಾರೆ. ಬಿಸಿಲಿಗೆ ಗಾಜು ತಾನೇ ಕಾಯುತ್ತದೆ, ಗಾಳಿಯ ಉಷ್ಣತೆ ಅದಲ್ಲ. ಗಾಳಿ ಅಳೆಯುವುದಾದರೆ ನೆರಳಿನಲ್ಲಿ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ದಾರ ಕಟ್ಟಿ ತೂಗುಹಾಕಬೇಕು. ಕೈಯಲ್ಲಿ ಹಿಡಿಯಬಾರದು. ಶೀಟ್ ಛಾವಣಿಯ ತರಗತಿಯೊಳಗೆ ಒಂದು, ಮರದ ಕೆಳಗೆ ಒಂದು ತೂಗುಹಾಕಿಸಿ. ಮಕ್ಕಳು ದಿನವೂ ಎಲ್ಲಿ ಕೂತಿದ್ದಾರೆ ಎಂಬುದು ಶಿಕ್ಷಕರಿಗೆ ಸಂಖ್ಯೆಯಲ್ಲಿ ಕಾಣುತ್ತದೆ.

"ನೋಡಿ, ಇದೇ ಜಾಗತಿಕ ತಾಪಮಾನ ಏರಿಕೆ" ಎಂದು ಮಾತ್ರ ಹೇಳಬೇಡಿ. ಇದು ನಿಮ್ಮ ಅಂಗಳದ ಬಿಸಿ, ಭೂಮಿಯ ಸರಾಸರಿ ಅಲ್ಲ. ಆದರೆ ಸೂರ್ಯನ ಬೆಳಕನ್ನು ನೆಲ ಹೇಗೆ ಹೀರುತ್ತದೆ ಎಂಬುದು ಇಲ್ಲಿ ಸಿಕ್ಕಿತು. ಮುಂದಿನ ಹಂತಕ್ಕೆ ಅಷ್ಟು ಸಾಕು.

ಹಂತ 5: ಸಂಜೆಯ ಗೋಡೆ, ರಾತ್ರಿಯ ಆಕಾಶ

ನಾಲ್ಕೂವರೆಗೆ ಎಲ್ಲರನ್ನೂ ಪಶ್ಚಿಮದ ಬಿಸಿಲು ಬಿದ್ದ ಗೋಡೆಯ ಹತ್ತಿರ ನಿಲ್ಲಿಸಿ. ಬಿಸಿಲು ಸರಿದ ಮೇಲೆ, ಗೋಡೆ ಮುಟ್ಟದೆ, ಒಂದು ಗೇಣು ದೂರದಲ್ಲಿ ಅಂಗೈ ಹಿಡಿಯಲಿ. ಝಳ ತಾಗುತ್ತದೆ. ಬೆಳಕು ಇಲ್ಲ, ಆದರೂ ಗೋಡೆಯಿಂದ ಏನೋ ಬರುತ್ತಿದೆ. ಕಣ್ಣಿಗೆ ಕಾಣದ ಈ ಕಿರಣದ ಹೆಸರು ಅವಕೆಂಪು. ಹಸಿರುಮನೆ ಪರಿಣಾಮದ ಇಡೀ ಪಾಠ ಈ ಅಂಗೈ ಮೇಲೆ ನಿಲ್ಲುತ್ತದೆ. ಹಾಗಾಗಿ ಅವಸರ ಮಾಡಬೇಡಿ.

ಮನೆಗೆ ಹೋಗುವ ಮುಂಚೆ ಒಂದು ಕೆಲಸ ಕೊಡಿ. ರಾತ್ರಿ ಆಕಾಶದಲ್ಲಿ ಮೋಡ ಇದೆಯಾ ನೋಡುವುದು, ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಇದೆಯಾ ನೋಡುವುದು. ಮಾಗಿಯ ಚಳಿ ಹೆಚ್ಚು ಕೊರೆಯುವುದು ಆಕಾಶ ತಿಳಿಯಾದ ರಾತ್ರಿಯಲ್ಲಿ ಎಂದು ನಮ್ಮ ರೈತರಿಗೆಲ್ಲ ಗೊತ್ತು. ಮೋಡ ಇದ್ದರೆ ನೆಲದಿಂದ ಹೊರಟ ಝಳವನ್ನು ಅದು ಹೀರಿ, ಒಂದಷ್ಟನ್ನು ಕೆಳಗೆ ವಾಪಸ್ ಕಳಿಸುತ್ತದೆ. ಮೋಡ ಇಲ್ಲದಿದ್ದರೆ ನೆಲ ಬೇಗ ತಣ್ಣಗಾಗಿ ಇಬ್ಬನಿ ಕಟ್ಟುತ್ತದೆ.

ಹಂತ 6: ಎರಡನೇ ದಿನ ಬೆಳಗ್ಗೆ, ವಿಜ್ಞಾನದ ವಿವರಣೆ

ಈಗ, ಈಗಷ್ಟೇ, ಕಪ್ಪುಹಲಗೆ ಹತ್ತಿರ ಹೋಗಿ. ಇಬ್ಬನಿಯ ವರದಿ ಕೇಳಿ. ಮೋಡ ಮಾಡಿದ ಕೆಲಸವನ್ನೇ ಕಾರ್ಬನ್ ಡೈಆಕ್ಸೈಡ್, ಮೀಥೇನ್, ನೀರಾವಿ ಹಗಲು ರಾತ್ರಿ ಮಾಡುತ್ತವೆ, ಹಸಿರುಮನೆ ಪರಿಣಾಮ ಎಂದರೆ ಇದೇ ಎಂದು ಜೋಡಿಸಿ. ಕೈಗಾರಿಕೆ ಶುರುವಾಗುವ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 280 ಭಾಗ ಇತ್ತು. ಈಗ 420 ದಾಟಿದೆ. ಇಷ್ಟು ಸಂಖ್ಯೆ ಸಾಕು. ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ತರಗತಿಯ ಫ್ಯಾನಿನಿಂದ ಶುರು ಮಾಡಿ. ಆ ಕರೆಂಟಿನಲ್ಲಿ ರಾಯಚೂರಿನಲ್ಲಿ ಉರಿಸುವ ಕಲ್ಲಿದ್ದಲಿನ ಪಾಲಿದೆ, ಶರಾವತಿಯ ನೀರಿನ ಪಾಲಿದೆ, ಪಾವಗಡದ ಬಿಸಿಲಿನ ಪಾಲೂ ಇದೆ.

ಹೆಸರಿನ ಗೊಂದಲ ಬಿಡಿಸಲು ಅರ್ಧ ಗಂಟೆ ಇಡಿ. ಕನ್ನಡದಲ್ಲಿ ಇದು ದೊಡ್ಡ ತೊಡಕು. ಪಠ್ಯಪುಸ್ತಕದಲ್ಲಿ ದಿನದಿನದ ಸ್ಥಿತಿಗೆ ಹವಾಮಾನ, ದೀರ್ಘಕಾಲದ ಸರಾಸರಿಗೆ ವಾಯುಗುಣ ಎಂದು ಕಲಿಸುತ್ತೇವೆ. ಪೇಪರಿನಲ್ಲಿ, ಟಿವಿಯಲ್ಲಿ ಬರುವುದು ಹವಾಮಾನ ಬದಲಾವಣೆ. "ಹವಾಮಾನ ದಿನಾ ಬದಲಾಗುತ್ತೆ ಅಲ್ವಾ ಮಿಸ್, ಅದರಲ್ಲೇನು ವಿಶೇಷ?" ಎಂದು ಒಬ್ಬ ಹುಡುಗ ಕೇಳಿದರೆ ಅವನ ತರ್ಕ ಸರಿಯಾಗಿಯೇ ಇದೆ. ಪೇಪರು ಹೇಳುತ್ತಿರುವುದು ವಾಯುಗುಣದ ಬದಲಾವಣೆಯನ್ನು, ಅದಕ್ಕೆ ಸಾಮಾನ್ಯವಾಗಿ 30 ವರ್ಷದ ಸರಾಸರಿ ನೋಡುತ್ತಾರೆ ಎಂದು ಶಿಕ್ಷಕರೇ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಲಿ.

ಆಮೇಲೆ ತಪ್ಪು ತಿಳಿವಳಿಕೆಗಳು. ನನಗೆ ಪ್ರತಿ ತರಬೇತಿಯಲ್ಲೂ ಸಿಕ್ಕವು ಇವು:

"ಓಝೋನ್ ಪದರ ತೂತಾಗಿ ಬಿಸಿ ಒಳಗೆ ಬರುತ್ತಿದೆ." ಓಝೋನ್ ತಡೆಯುವುದು ನೇರಳಾತೀತ ಕಿರಣವನ್ನು. ಅದು ಬೇರೆ ತೊಂದರೆ. ಇಲ್ಲಿ ಆಗುತ್ತಿರುವುದು ನೆಲದ ಝಳ ಹೊರಗೆ ಹೋಗಲು ಅಡ್ಡಿ.

"ಸೂರ್ಯ ಹತ್ತಿರ ಬರುತ್ತಿದ್ದಾನೆ." ವರ್ಷದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ. ಆಗ ನಮಗೆ ಚಳಿ. ಈ ಒಂದು ಸಂಗತಿ ಸಾಕು.

"ಪ್ಲಾಸ್ಟಿಕ್‌ನಿಂದಲೇ ಹವಾಮಾನ ಕೆಟ್ಟಿದೆ." ಪ್ಲಾಸ್ಟಿಕ್ ಮಾಲಿನ್ಯ ನಿಜವಾದ ಸಮಸ್ಯೆ. ಆದರೆ ಬಿಸಿ ಏರಲು ಮುಖ್ಯ ಕಾರಣ ಕಲ್ಲಿದ್ದಲು, ಪೆಟ್ರೋಲು, ಡೀಸೆಲು, ಅನಿಲ ಸುಡುವುದು.

"ಈ ವರ್ಷ ಮಳೆ ಕೈಕೊಟ್ಟಿತು, ಹವಾಮಾನ ಬದಲಾವಣೆ." ಇದು ಸ್ವಲ್ಪ ಸೂಕ್ಷ್ಮ. 2023ರಲ್ಲಿ ರಾಜ್ಯದಲ್ಲಿ ಬರ ಬಂದ ವರ್ಷ ಪೆಸಿಫಿಕ್ ಸಾಗರದಲ್ಲಿ ಎಲ್‌ ನಿನೊ (ಸಾಗರದ ಮೇಲ್ಮೈ ನೀರು ಮಾಮೂಲಿಗಿಂತ ಬಿಸಿಯಾಗುವುದು) ಇತ್ತು. ಒಂದು ವರ್ಷದ ಮಳೆಗೆ ಹಲವು ಕಾರಣ ಇರುತ್ತವೆ. ಒಂದೇ ವರ್ಷ ನೋಡಿ ತೀರ್ಮಾನ ಹೇಳಬಾರದು ಎಂದು ಕಲಿಸುವುದು ಶಿಕ್ಷಕರ ಜವಾಬ್ದಾರಿ.

ಎರಡು ಬಾಟಲಿ ಇಟ್ಟು, ಒಂದಕ್ಕೆ ಮುಚ್ಚಳ ಹಾಕಿ, ಬಿಸಿಲಿನಲ್ಲಿ ಕಾಯಿಸುವ ಪ್ರಯೋಗ ಹಲವರಿಗೆ ಇಷ್ಟ. ಮಾಡಬೇಡಿ ಎನ್ನುವುದಿಲ್ಲ. ಆದರೆ ಮುಚ್ಚಿದ ಬಾಟಲಿ ಹೆಚ್ಚು ಬಿಸಿಯಾಗುವುದು ಮುಖ್ಯವಾಗಿ ಒಳಗಿನ ಬಿಸಿಗಾಳಿ ಮೇಲೆದ್ದು ಹೋಗಲಾಗದೆ. ಅದರಿಂದ ಕಾರ್ಬನ್ ಡೈಆಕ್ಸೈಡಿನ ಕೆಲಸ ಸಾಬೀತಾಗುವುದಿಲ್ಲ. ಗೋಡೆ ಮತ್ತು ಇಬ್ಬನಿ ಇದಕ್ಕಿಂತ ಪ್ರಾಮಾಣಿಕ.

ಹಂತ 7: ಮಳೆಮಾಪಕ, ಮತ್ತೆ ಒಂದು ಮರ

ಬಾಟಲಿಯ ಭುಜದ ಕೆಳಗೆ, ಗೋಡೆ ನೇರವಾಗಿರುವ ಕಡೆ ಕತ್ತರಿಸಿ. ಕತ್ತರಿಸಿದ ತಲೆಯನ್ನು ಆಲಿಕೆಯ ಹಾಗೆ ತಿರುಗಿಸಿ ಇಡಿ. ತಳಕ್ಕೆ ಕಲ್ಲು ಹಾಕಿ, ಬಾಟಲಿಯ ಗೋಡೆ ನೇರವಾಗುವ ತನಕ ನೀರು ತುಂಬಿ, ಅಲ್ಲಿ ಸೊನ್ನೆ ಎಂದು ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಗುರುತು. ಸ್ಕೇಲಿನ ತುದಿಗೂ ಅದರ ಸೊನ್ನೆ ಗೆರೆಗೂ ನಡುವೆ ಜಾಗ ಇರುತ್ತದೆ. ತುದಿಯಿಂದ ಅಳೆದು ಎಲ್ಲಾ ಲೆಕ್ಕ ತಪ್ಪಿಸಿಕೊಂಡ ಗುಂಪುಗಳನ್ನು ಬಹಳ ನೋಡಿದ್ದೇನೆ.

ಇಡುವ ಜಾಗ ಮುಖ್ಯ. ಹತ್ತಿರದ ಮರ ಅಥವಾ ಕಟ್ಟಡದ ಎತ್ತರದ ಎರಡು ಪಟ್ಟು ದೂರದಲ್ಲಿರಬೇಕು. ತಾರಸಿ ಬೇಡ, ಗಾಳಿ ಹೊಡೆಯುತ್ತದೆ. ಬರಿ ನೆಲವೂ ಬೇಡ, ಹನಿ ಸಿಡಿಯುತ್ತದೆ. ಗೂಟಕ್ಕೆ ಕಟ್ಟಿ, ಕೋತಿ ಕಾಟ ಇದ್ದರೆ ಇನ್ನೂ ಬಿಗಿಯಾಗಿ. ಓದುವುದು ಬೆಳಗ್ಗೆ 8.30ಕ್ಕೆ, ಏಕೆಂದರೆ ಹವಾಮಾನ ಇಲಾಖೆ ಹಿಂದಿನ 24 ಗಂಟೆಯ ಮಳೆಯನ್ನು ಲೆಕ್ಕ ಹಾಕುವುದು ಆಗಲೇ. ಶಾಲೆಯ ಪಕ್ಕದಲ್ಲೇ ಮನೆ ಇರುವ ಇಬ್ಬರು ಮಕ್ಕಳಿಗೆ ಈ ಕೆಲಸ ಕೊಡಿ. ಮಳೆ ಇಲ್ಲದ ದಿನವೂ "0" ಎಂದು ಬರೆಯಬೇಕು, ಆವಿಯಾದ ನೀರನ್ನು ಸೊನ್ನೆ ಗೆರೆಗೆ ತುಂಬಬೇಕು. ಭಾನುವಾರ ತಪ್ಪಿದರೆ ಸೋಮವಾರ "ಎರಡು ದಿನದ್ದು" ಎಂದು ಬರೆಯಲಿ, ಅರ್ಧರ್ಧ ಮಾಡಬಾರದು. 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದನ್ನು ಮಳೆಯ ದಿನ ಎಂದು ಎಣಿಸುತ್ತಾರೆ.

ಸಿಕ್ಕ ಸಂಖ್ಯೆಯನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ, ನಿಮ್ಮ ಪಂಚಾಯ್ತಿಯ ಅಳತೆಯ ಜೊತೆ ಹೋಲಿಸಿ. ಹೊಂದದಿದ್ದರೆ ಗಾಬರಿ ಬೇಡ. ಗುಡುಗು ಮಳೆ ಊರ ಈ ಕಡೆ ಸುರಿದು ಆ ಕಡೆ ಒಣಗಿಸಿ ಹೋಗುತ್ತದೆ. ಗಣಿತಕ್ಕೆ ಒಳ್ಳೆಯ ಲೆಕ್ಕವೂ ಇದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 100 ಚದರ ಮೀಟರ್ ಛಾವಣಿಗೆ 20 ಮಿಲಿಮೀಟರ್ ಬಿದ್ದರೆ 2,000 ಲೀಟರ್. ಬಿಸಿಯೂಟಕ್ಕೆ ದಿನಕ್ಕೆ ಎಷ್ಟು ಕೊಡ ನೀರು ಬೇಕು ಎಂದು ಅಡುಗೆಯವರನ್ನೇ ಕೇಳಿ ಬರಲಿ.

ಅಜ್ಜ ಅಜ್ಜಿಯರ ಹತ್ತಿರ ಮಳೆ ನಕ್ಷತ್ರದ ಮಾತು ಕೇಳಿಸಿ. "ಭರಣಿ ಮಳೆ ಸುರಿದರೆ ಧರಣಿಯೆಲ್ಲಾ ಬೆಳೆ" ಎಂಬಂಥ ಗಾದೆ ಬಂದರೆ, ನೋಟ್‌ಬುಕ್ಕಿನಲ್ಲಿ ದಿನಾಂಕದ ಪಕ್ಕ ನಕ್ಷತ್ರಕ್ಕೂ ಒಂದು ಕಾಲಂ ಇರಲಿ. ನೆನಪು ಬೇರೆ, ದಾಖಲೆ ಬೇರೆ. ಎರಡೂ ಪಕ್ಕಪಕ್ಕ ಇದ್ದರೆ ಮಕ್ಕಳೇ ಹೋಲಿಸುತ್ತಾರೆ.

ಮರದ ಕೆಲಸ ಇನ್ನೂ ಸುಲಭ. ಹೊಂಗೆ, ಮಾವು, ಹುಣಸೆ, ಯಾವುದಾದರೂ ಒಂದು ಮರ. ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ "ಇಲ್ಲ, ಸ್ವಲ್ಪ, ಜಾಸ್ತಿ" ಎಂದು ಬರೆಯುವುದು. ಸೀಸನ್‌ವಾಚ್ ಎಂಬ ದೇಶದ ಯೋಜನೆಗೆ ಶಾಲೆಗಳು ಇಂಥ ಮಾಹಿತಿಯನ್ನೇ ಕಳಿಸುತ್ತವೆ. ತಪ್ಪಾಗುವುದು ಒಂದೇ ಕಡೆ: ಈ ವಾರ ಹೂ ಬಿಟ್ಟ ಮರ ಯಾವುದೋ ಅದನ್ನು ನೋಡುವುದು. ಮರ ಬದಲಿಸಬಾರದು.

ಹಂತ 8: ನಿಜವಾದ ಮಕ್ಕಳ ಜೊತೆ ಒಂದು ಪೀರಿಯಡ್

ಎರಡನೇ ದಿನ ಮಧ್ಯಾಹ್ನ ಆ ಶಾಲೆಯ ಏಳನೇ ತರಗತಿಯ ಮಕ್ಕಳನ್ನು ಕೇಳಿಕೊಳ್ಳಿ. ಬಿಡುವಂತೇ ಇಲ್ಲದ ಹಂತ ಇದು. ಶಿಕ್ಷಕರ ಭಯ ವಿಜ್ಞಾನದ್ದಲ್ಲ, "ಹೊರಗೆ ಬಿಟ್ಟರೆ ಮಕ್ಕಳು ಕೈಗೆ ಸಿಗಲ್ಲ" ಎಂಬುದು.

40 ನಿಮಿಷವನ್ನು ಹೀಗೆ ಹಂಚಿ. ಐದು ನಿಮಿಷ ತರಗತಿಯೊಳಗೆ, ಇಪ್ಪತ್ತು ಹೊರಗೆ, ಹದಿನೈದು ಮತ್ತೆ ಒಳಗೆ. ಸೂಚನೆಯೆಲ್ಲ ಒಳಗೇ ಮುಗಿಯಬೇಕು, ಹೊರಗೆ ಹೋದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಒಂದೇ ಪ್ರಶ್ನೆ. ಐದೈದು ಮಕ್ಕಳ ಗುಂಪು, ಒಬ್ಬೊಬ್ಬರಿಗೂ ಕೆಲಸ: ಅಳೆಯುವವರು, ಗಡಿಯಾರ ನೋಡುವವರು, ಬರೆಯುವವರು. ಎಲ್ಲಿಯ ತನಕ ಹೋಗಬಹುದು ಎಂದು ಗಡಿ ತೋರಿಸಿ. ಸೀಟಿ ಊದಿದರೆ ವಾಪಸ್. ಹಾಳೆಯಲ್ಲಿ ಸಂಖ್ಯೆ ಇಲ್ಲದೆ ಯಾವ ಗುಂಪೂ ಒಳಗೆ ಬರುವಂತಿಲ್ಲ.

ಮೂರು ಎಚ್ಚರಿಕೆಯ ಸೂಚನೆಗಳನ್ನು ಗಮನಿಸಿ. ಹೊರಗೆ ಶಿಕ್ಷಕರೇ ಹತ್ತು ನಿಮಿಷ ಮಾತಾಡುತ್ತಿದ್ದರೆ ಅದು ಪಾಠವನ್ನು ಬಿಸಿಲಿಗೆ ಸಾಗಿಸಿದ್ದಷ್ಟೇ. ಹೆಣ್ಣುಮಕ್ಕಳೆಲ್ಲ ಬರೆಯುತ್ತಾ, ಗಂಡುಮಕ್ಕಳೇ ಥರ್ಮಾಮೀಟರ್ ಹಿಡಿದಿದ್ದರೆ ಕೆಲಸ ಬದಲಿಸಿ. ಮಕ್ಕಳ ಮುಖದಲ್ಲಿ ಹೆದರಿಕೆ ಕಂಡರೆ, "ಭೂಮಿ ಮುಗಿದೇ ಹೋಗುತ್ತಾ?" ಎಂದು ಕೇಳಿದರೆ, ಎಲ್ಲೋ ನಾವು ಭಯ ಹುಟ್ಟಿಸಿದ್ದೇವೆ. ಆಗ ಅಳತೆಯಿಂದ ಮಾಡಬಹುದಾದ ಒಂದು ಕೆಲಸಕ್ಕೆ ತಿರುಗಿ. ಶೀಟ್ ತರಗತಿಗೆ ನೆರಳು ಎಲ್ಲಿಂದ ತರಬಹುದು? ಛಾವಣಿಯ ನೀರು ಎಲ್ಲಿಗೆ ಹೋಗುತ್ತಿದೆ?

ಹಂತ 9: ಸುರಕ್ಷತೆ

ಗುಡುಗು ಕೇಳಿಸಿದರೆ ತಕ್ಷಣ ಒಳಗೆ. ಮರದ ಕೆಳಗೆ ನಿಲ್ಲುವುದು ಬೇಡವೇ ಬೇಡ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಸಿಡಿಲಿನ ಅಪಾಯ ಜಾಸ್ತಿ. ಮಾರ್ಚ್ ನಂತರ ಹೊರಗಿನ ಕೆಲಸ ಹನ್ನೊಂದು ಗಂಟೆಯೊಳಗೆ ಮುಗಿಯಲಿ. ಮರ ಆರಿಸುವ ಮುಂಚೆ ಹೆಜ್ಜೇನು ಇದೆಯಾ ನೋಡಿ. ಕೃಷಿ ಹೊಂಡ, ತೆರೆದ ಬಾವಿ ಇರುವ ಕಡೆ ಆ ದಿಕ್ಕಿಗೇ ಗಡಿ ಹಾಕಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪೋಷಕರಿಗೆ ಮೊದಲೇ ತಿಳಿಸಿದ್ದರೆ "ಮಕ್ಕಳನ್ನು ಬಿಸಿಲಲ್ಲಿ ಯಾಕೆ ನಿಲ್ಲಿಸಿದಿರಿ" ಎಂಬ ಮಾತು ಬರುವುದಿಲ್ಲ.

ಹಂತ 10: ನಂತರದ ಮೂರು ತಿಂಗಳು

ತರಬೇತಿ ಮುಗಿದ ಎರಡು ವಾರದೊಳಗೆ ಪ್ರತಿ ಶಿಕ್ಷಕರೂ ಒಮ್ಮೆ ಮಕ್ಕಳನ್ನು ಹೊರಗೆ ಕರೆದೊಯ್ದಿರಬೇಕು. ಅದು ತಪ್ಪಿದರೆ ಆಮೇಲೆ ಆಗುವುದು ಕಷ್ಟ. ವಾಟ್ಸಾಪ್ ಗುಂಪಿಗೆ ಫೋಟೊ ಕೇಳಬೇಡಿ. ಫೋಟೊ ಕೇಳಿದರೆ ಫೋಟೊಗಾಗಿಯೇ ಹೊರಗೆ ಬರುತ್ತಾರೆ. ಮಕ್ಕಳು ಬರೆದ ಸಂಖ್ಯೆಯ ಹಾಳೆ ಕೇಳಿ. ಎಲ್ಲಾ ಅಂಕಿ ನುಣ್ಣಗೆ, ಒಂದೇ ಕೈಬರಹದಲ್ಲಿ ಇದ್ದರೆ ಆ ಶಾಲೆಗೆ ಹೋಗಿ ಬನ್ನಿ. ತಪ್ಪು ಹಿಡಿಯಲು ಅಲ್ಲ, ಜೊತೆಗೆ ನಿಂತು ಒಮ್ಮೆ ಮಾಡಿಸಲು.

ತಿಂಗಳ ಸಮಾಲೋಚನಾ ಸಭೆಯಲ್ಲಿ ಇಪ್ಪತ್ತು ನಿಮಿಷ ಇದಕ್ಕೇ ಇಡಿ. ಒಬ್ಬರು ತಮ್ಮ ಶಾಲೆಯ ಅಳತೆ ತೋರಿಸಲಿ, ಎಲ್ಲಿ ಕೆಟ್ಟಿತು ಎಂದು ಹೇಳಲಿ. ಒಡೆದ ಥರ್ಮಾಮೀಟರಿಗೆ ಬದಲಿ ಆ ಸಭೆಯಲ್ಲೇ ಸಿಗುವ ಹಾಗಿರಲಿ. ಇಲ್ಲದಿದ್ದರೆ ಒಡೆದ ದಿನವೇ ಕೆಲಸ ನಿಲ್ಲುತ್ತದೆ.

ಮಳೆ ಮತ್ತು ಮರದ ನೋಟ್‌ಬುಕ್ ಶಾಲೆಯದ್ದಾಗಬೇಕು, ಶಿಕ್ಷಕರದ್ದಲ್ಲ. ವರ್ಗಾವಣೆಯಾದಾಗ ಅದು ಶಿಕ್ಷಕರ ಬ್ಯಾಗಿನಲ್ಲೇ ಹೋಗಿಬಿಟ್ಟರೆ ಮೂರು ವರ್ಷದ ಅಳತೆ ಹೋದಂತೆ. ರಟ್ಟಿನ ಮೇಲೆ ಶಾಲೆಯ ಹೆಸರು ಬರೆಸಿ, ಪುಟಕ್ಕೆ ನಂಬರು ಹಾಕಿಸಿ, ಹಾಜರಿ ಪುಸ್ತಕ ಇಡುವ ಬೀರುವಿನಲ್ಲೇ ಇಡಿಸಿ. ಚಾರ್ಜ್ ಕೊಡುವಾಗ ತೋರಿಸುವ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಸೇರಿಸಲು ಹೆಡ್‌ಮಾಸ್ಟರಿಗೆ ಹೇಳಿ. ಹೊಸದಾಗಿ ಬಂದ ಶಿಕ್ಷಕರಿಗೆ ಅಳೆಯುವುದು ಹೇಗೆ ಎಂದು ತೋರಿಸುವ ಕೆಲಸವನ್ನು ಮಳೆಮಾಪಕ ಓದುವ ಆ ಇಬ್ಬರು ಮಕ್ಕಳಿಗೇ ಬಿಡಿ.